ಸೆಲ್ವಿಯಕ್ಕ ಒಮ್ಮೆಯೂ ‘ಓಕೆ’ ಅನ್ನಲಿಲ್ಲ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರ ಫೋನು ಕೇಳಿ ಇಸಿದುಕೊಳ್ಳುವುದು ಸೆಲ್ವಿಯಕ್ಕನಿಗೆ ಕಿಟಕಿಯ ಗಾಜು ಸರಿಸಿದಷ್ಟೇ ಸಲೀಸು. “ಒಂಚೂರು ಕೊಡಿ ಅಮ್ಮ, ನಮ್ಮ ಆಫೀಸಿನ ಪೇಜು ನಿಮ್ ಫೋನಲ್ಲಿ ಹೆಂಗ್ ಕಾಣುತ್ತೆ ನೋಡ್ಬೇಕು” ಎನ್ನುತ್ತಿದ್ದರು. ಈ ಕಾಲದಲ್ಲಿ ಯಾರು ಕೊಡುತ್ತಾರೆ? ಎಲ್ಲರೂ ಕೊಡುತ್ತಿದ್ದರು! ಅದೇ ನನ್ನ ಕರ್ಮ. ಅವರು ಬಸ್ಸಿಳಿದು ವಿನೋಬನಗರದ ನಮ್ಮ ಆಫೀಸಿಗೆ ಕಾಲಿಡುವ ಹೊತ್ತಿಗೆ, ನಾನು ಹಿಂದಿನ ದಿನ ಮಾಡಿಟ್ಟ ಕೆಲಸದ ಮೇಲೆ ಅರ್ಧ ಬಸ್ಸಿನ ತಕರಾರು ಜೊತೆಗೆ ಬಂದಿರುತ್ತಿತ್ತು.

ನಾವು ವೆಬ್‌ಸೈಟ್ ಮಾಡುವವರು. ಪುಟದ ವಿನ್ಯಾಸ ನನ್ನದು, ಪರೀಕ್ಷೆ ಅಕ್ಕನದು. ಈ ಕಸುಬಿನ ಶನಿಕಾಟ ಏನೆಂದರೆ, ಒಂದೇ ಪುಟ ಎಲ್ಲ ಬ್ರೌಸರುಗಳಲ್ಲಿ ಒಂದೇ ಥರ ಕಾಣುವುದಿಲ್ಲ. ಒಂದರಲ್ಲಿ ನೆಟ್ಟಗಿರುವ ಚಿತ್ರ ಇನ್ನೊಂದರಲ್ಲಿ ಹಿಗ್ಗಿರುತ್ತದೆ, ಮತ್ತೊಂದರಲ್ಲಿ ಕನ್ನಡದ ಒತ್ತಕ್ಷರಗಳೇ ಅರ್ಧ ಕತ್ತರಿಸಿ ಹೋಗಿರುತ್ತವೆ. ಇಲ್ಲಿ ಸರಿಮಾಡಿದರೆ ಅಲ್ಲಿ ಕೆಡುತ್ತದೆ. ಬೇರೆಯವರಾದರೆ ನಾಲ್ಕಾರು ಬ್ರೌಸರಿನಲ್ಲಿ ನೋಡಿ ‘ಓಕೆ’ ಅಂದುಬಿಡುತ್ತಾರೆ. ಅಕ್ಕನ ಬಾಯಲ್ಲಿ ಆ ಮಾತು ನಾನು ಕೇಳಲೇ ಇಲ್ಲ. ಎಲ್ಲ ಸರಿಯಿದ್ದರೆ “ನೋಡಾಣ” ಅಷ್ಟೆ. ಇಲ್ಲದಿದ್ದರೆ ನನ್ನ ಕುರ್ಚಿಯ ಹಿಂದೆ ಬಂದು ನಿಂತು, “ನಿನ್ ಟೇಬಲ್ ಮೇಲೆ ಚೆಂದ ಇದೆ ಮಾರಾಯ. ಊರಲ್ಲಿ?” ಎನ್ನುತ್ತಿದ್ದರು.

ಅವರ ಅಪ್ಪ ಭದ್ರಾವತಿಗೆ ಕಾರ್ಖಾನೆ ಕೆಲಸಕ್ಕೆಂದು ಬಂದವರು. ಅಕ್ಕ ಹುಟ್ಟಿ ಬೆಳೆದದ್ದು ಅಲ್ಲೇ, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಬೈಯುವಾಗ ಎರಡೂ. ಯಾರೋ ಬಿಸಾಡಿದ ಹಳೇ ಫೋನುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದು ಆಫೀಸಿನ ಪ್ಲಗ್ಗುಗಳಿಗೆಲ್ಲ ಸಿಕ್ಕಿಸಿಡುತ್ತಿದ್ದರು. ನನ್ನ ಲ್ಯಾಪ್‌ಟಾಪ್ ಚಾರ್ಜು ಮಾಡಲು ನಾನು ಅವರ ಅಪ್ಪಣೆ ಕೇಳಬೇಕಿತ್ತು. ಕೇಳಿದರೆ, “ತಡಿ, ಈ ಮುದುಕ ಇನ್ನೂ ಊಟ ಮಾಡ್ತಿದಾನೆ” ಎಂದು ಯಾವುದೋ ಒಡೆದ ಗಾಜಿನ ಫೋನು ತೋರಿಸುತ್ತಿದ್ದರು.

ಕಣ್ಣಿನ ಕ್ಲಿನಿಕ್ಕೊಂದರ ಪುಟ ಮಾಡುವಾಗ ನಮ್ಮ ಜಗಳ ತಾರಕಕ್ಕೇರಿತು. ಆಯನೂರು, ಹೊಳಲೂರು ಕಡೆಯವರು ಬೆಳಿಗ್ಗೆಯೇ ಬಂದು ಸಾಲು ಹಿಡಿಯದೆ ಮನೆಯಿಂದಲೇ ಡಾಕ್ಟರ ಸಮಯ ಗೊತ್ತುಮಾಡಿಕೊಳ್ಳಲಿ ಎಂದು ಆ ಪುಟ. ಹೆಸರು, ಊರು, ದಿನ ತುಂಬಿ ಕೆಳಗಿನ ಬಟನ್ ಒತ್ತಿದರೆ ಮುಗಿಯಿತು. ಅಕ್ಕ ಬಸ್ಸಿಳಿದು ಓಡಿಕೊಂಡೇ ಬಂದರು.

“ಮಂಜು, ಬಟನ್ನೇ ಇಲ್ಲ! ಹೊಳಲೂರಿನ ಒಬ್ರು ಅಜ್ಜಿ ಫೋನಲ್ಲಿ ನೋಡ್ದೆ.”

ಅದೇ ಕಂಪನಿಯ ಅದೇ ಫೋನು ಅವರ ಚೀಲದಲ್ಲೂ ಇತ್ತು. ತೆಗೆದು ನೋಡಿದರೆ ಬಟನ್ ಇದೆ. ಎಲ್ಲ ಬ್ರೌಸರುಗಳಲ್ಲೂ ಇದೆ.

“ಸ್ಕ್ರೀನ್‌ಶಾಟ್ ತೆಗೆದ್ರಾ ಅಕ್ಕ?”

“ತೆಗೆಯೋಷ್ಟರಲ್ಲಿ ಸ್ಟ್ಯಾಂಡ್ ಬಂತು, ಅಜ್ಜಿ ಇಳಿದುಬಿಟ್ರು.”

ನಮ್ಮ ಮಾಲೀಕರು ಹರೀಶ್ ಸರ್ ನಕ್ಕರು. “ಬಸ್ಸಲ್ಲಿ ನಿದ್ದೆಗಣ್ಣಲ್ಲಿ ನೋಡಿರ್ತೀರ ಬಿಡಿ ಅಕ್ಕ” ಎಂದು ಆಫೀಸಿನ ಪಟ್ಟಿಯಲ್ಲಿ ಆ ದೂರಿನ ಮುಂದೆ ‘ಮುಗಿದಿದೆ’ ಎಂದು ಬರೆದು ಮುಗಿಸಿಬಿಟ್ಟರು. ಅಕ್ಕನ ಮುಖ ಚಿಕ್ಕದಾಯಿತು. ಯಾರ ದೂರನ್ನು ಬೇಕಾದರೂ ಮುಗಿಸಬಹುದಿತ್ತು, ಆದರೆ ಅಕ್ಕನ ಕಣ್ಣನ್ನು ಆ ಆಫೀಸಿನಲ್ಲಿ ಯಾರೂ ಅಲ್ಲಿಯವರೆಗೆ ಅನುಮಾನಿಸಿರಲಿಲ್ಲ. ಭಾನುವಾರ ಅವರು ಹೊಳಲೂರಿಗೇ ಹೋಗಿ, ಹಸಿರು ಸೀರೆಯ ಅಜ್ಜಿಯನ್ನು ಕಂಡಿರಾ ಎಂದು ಮನೆಮನೆಯಲ್ಲಿ ವಿಚಾರಿಸಿ ಬಂದರಂತೆ. ಅಜ್ಜಿ ಸಿಗಲಿಲ್ಲ.

“ನಾನ್ ಕಂಡಿದ್ದು ಸುಳ್ಳಾ ಮಂಜು?”

“ಸುಳ್ಳು ಅಂತಲ್ಲ ಅಕ್ಕ. ಸಿಗ್ತಿಲ್ವಲ್ಲ, ನಾನೇನ್ ಮಾಡ್ಲಿ?” ಎಂದೆ. ಹುಡುಕಿ ಹುಡುಕಿ ನನಗೂ ತಲೆ ಕೆಟ್ಟುಹೋಗಿತ್ತು.

ಆಮೇಲೆ ಅಕ್ಕನ ಸಕ್ಕರೆ ಕಾಯಿಲೆ ಕಣ್ಣಿಗೆ ತಾಗಿತು. ಕೆಲಸ ಬಿಟ್ಟರು. ಒಂದು ಸಂಜೆ ಭದ್ರಾವತಿಯ ಅವರ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟು, “ಅದೇ ಕ್ಲಿನಿಕ್ಕಿಗೆ ಹೋಗ್ಬೇಕು, ಟೈಮ್ ಹಾಕ್ಕೊಡು” ಎಂದು ಫೋನು ಕೈಗಿಟ್ಟರು. ಓದಲಾಗದೆ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದರು, ಒಂದೊಂದೂ ಅವರೆಕಾಳಿನಷ್ಟಿತ್ತು. ಪುಟ ತೆರೆದೆ. ಹೆಸರಿತ್ತು, ಊರಿತ್ತು, ದಿನವಿತ್ತು. ಬಟನ್ ಇರಲಿಲ್ಲ.

ಇಷ್ಟೇ ಆಗಿದ್ದದ್ದು! ಇವೆಲ್ಲ ಕೂರುವ ಚೌಕಕ್ಕೆ ನಾನು ಇಷ್ಟೇ ಎಂದು ಒಂದು ಎತ್ತರ ಗೊತ್ತುಮಾಡಿಟ್ಟಿದ್ದೆ. ಅಕ್ಷರ ದೊಡ್ಡದಾದರೆ ಬಟನ್ ಕೆಳಕ್ಕೆ ಜರುಗಿ ಚೌಕದ ಆಚೆ ಮರೆಯಾಗುತ್ತಿತ್ತು. ಆ ಅಜ್ಜಿಯೂ ಅಕ್ಷರ ದೊಡ್ಡದು ಮಾಡಿಕೊಂಡಿರಬೇಕು. ಕಣ್ಣಿನ ಕ್ಲಿನಿಕ್ಕಿನ ಪುಟ, ಕಣ್ಣು ಮಂಜಾದವರಿಗೇ ಬಟನ್ ಕಾಣದು. ನನಗೆ ನಗು, ಸಿಟ್ಟು, ಅಳು ಎಲ್ಲ ಒಟ್ಟಿಗೆ ಬಂತು. ಅಕ್ಕ ಮಾತ್ರ ಚಪ್ಪಾಳೆ ತಟ್ಟಿದರು.

“ಸಿಕ್ತಲ್ಲಾ! ಮೊದ್ಲು ಸ್ಕ್ರೀನ್‌ಶಾಟ್ ತೆಗಿ, ಆ ಹರೀಶಪ್ಪಂಗೆ ಕಳ್ಸು. ಸರಿ ಮಾಡಿ ನಂಗೂ ಕಳ್ಸು. ನಾನ್ ನೋಡೋತನಕ ಮುಗೀತು ಅನ್ಬೇಡ.”

ಮರುದಿನವೇ ಸರಿಮಾಡಿ ಕಳಿಸಿದೆ. ಈಗಲಾದರೂ ‘ಓಕೆ’ ಅನ್ನುತ್ತಾರೆ ಎಂದು ಕಾದೆ. ಉತ್ತರ ಬಂತು: “ಬಟನ್ ಬಂತು. ಕೆಳಗಿನ ಗೆರೆ ಓರೆ ಇದೆ, ನೋಡು.” ಮೈಯೆಲ್ಲ ಉರಿಯಿತು. ಯಾವ ಗೆರೆ ಎಂದು ಆಮೇಲೆ ಕೇಳಿದರಾಯಿತು ಎಂದು ಫೋನು ಪಕ್ಕಕ್ಕಿಟ್ಟೆ. ಆ ವಾರ ಮುಗಿಯುವುದರೊಳಗೆ ಅಕ್ಕ ಹೃದಯಾಘಾತದಿಂದ ತೀರಿಕೊಂಡರು.

ಅಂದಿನಿಂದ ನೋಡುತ್ತಲೇ ಇದ್ದೇನೆ. ಅಕ್ಷರ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಸಿಕ್ಕ ಬ್ರೌಸರಿನಲ್ಲೆಲ್ಲ ನೋಡಿದ್ದೇನೆ. ಗೆರೆ ನೆಟ್ಟಗೇ ಇದೆ. “ಆ ದೂರು ಮುಗಿಸೋ ಮಾರಾಯ” ಎಂದು ಹರೀಶ್ ಸರ್ ಬೈಯುತ್ತಾರೆ. ಮುಗಿಸಿಲ್ಲ. ಮೊನ್ನೆ ಭದ್ರಾವತಿ ಬಸ್ಸಿನಲ್ಲಿ ಪಕ್ಕದವರನ್ನು, “ಒಂಚೂರು ಫೋನ್ ಕೊಡ್ತೀರಾ, ಒಂದು ಪೇಜು ನೋಡ್ಬೇಕು” ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಫೋನನ್ನು ಜೇಬಿಗಿಳಿಸಿ, ಹಿಂದಿನ ಸೀಟಿಗೆ ಎದ್ದು ಹೋದರು.

ಅಕ್ಕ ಕೇಳಿದ್ದರೆ ಕೊಡುತ್ತಿದ್ದರು.