ಔರಾದ ದಾರಿಯಲ್ಲಷ್ಟೇ ಬಿಸಿಯಾಗುತ್ತಿದ್ದ ಜೀಪು

ಎಂಜಿನ್ನಿನ ವಿಷಯದಲ್ಲಿ ‘ಗೊತ್ತಿಲ್ಲ’ ಎಂಬ ಮಾತನ್ನು ನಾನು ಆಯುಷ್ಯದಲ್ಲಿ ಒಂದೇ ಸಲ ಆಡಿದ್ದೇನೆ. ಅದೂ ಸುಳ್ಳು. ಉಳಿದಂತೆ, ಗಾಡಿ ಯಾಕೆ ಕೆಟ್ಟಿತು ಎಂದು ಯಾರಾದರೂ ಕೇಳಿದರೆ ಕಾರಣ ಹುಡುಕಿದ ಮೇಲೆಯೇ ಊಟಕ್ಕೆ ಏಳುತ್ತಿದ್ದೆ. ದೆವ್ವ, ದೃಷ್ಟಿ, ಗ್ರಹಚಾರ ಎಂದವರನ್ನು ಬೈದು ಶೆಡ್ಡಿನಿಂದ ಹೊರಗೆ ಹಾಕುತ್ತಿದ್ದೆ. ನನ್ನ ಬಾಯಿ ಕೆಟ್ಟದ್ದು ಎಂದು ಬೀದರದ ಡ್ರೈವರುಗಳೆಲ್ಲ ಹೇಳುತ್ತಿದ್ದರು. ಹೇಳಲಿ, ಸುಳ್ಳೇನಲ್ಲ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಎರಡು ವರ್ಷವಾಗಿತ್ತು. ಮೈಲೂರ ಕಡೆಗೆ ಹೋಗುವ ದಾರಿಯಲ್ಲಿ ನನ್ನ ತಗಡಿನ ಶೆಡ್ಡು. ಅಲ್ಲಿಗೆ ಒಂದು ಇಲಾಖೆಯ ಜೀಪು ಬಂತು. ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಗಾಡಿ, ಬಣ್ಣ ಹೋಗಿ ತಗಡು ಕಾಣುತ್ತಿತ್ತು. ಅದರ ಡ್ರೈವರ್ ನಲವತ್ತರ ಆಸುಪಾಸಿನ ಮುಸಲ್ಮಾನ, ಮಾತು ಕಡಿಮೆ. ಜೊತೆಗೆ ಇಲಾಖೆಯ ಸಾಹೇಬರೂ ಬಂದಿದ್ದರು.

“ಎರಡು ತಿಂಗಳಿಂದ ಔರಾದಕ್ಕ ಹೋಗುವಾಗ ಪ್ರತಿ ಸರ್ತಿ ಒಂದೇ ಜಾಗಾದಾಗ ಕಾಯ್ತದ,” ಎಂದರು ಸಾಹೇಬರು. “ಅರ್ಧಾ ತಾಸು ಬಿಸಿಲಾಗ ಕೂಡ್ಬೇಕು. ಇದು ಸರಿ ಆಗ್ಲಿಲ್ಲಂದ್ರ ಇವನ್ನ ತೆಗದು ಬ್ಯಾರೆ ಡ್ರೈವರ್ ಇಡ್ತೀನಿ.”

ಡ್ರೈವರ್ ತಲೆ ತಗ್ಗಿಸಿ ನಿಂತಿದ್ದ. ಆ ದಿನಗಳಲ್ಲಿ ಅವನಂಥವನಿಗೆ ಸರ್ಕಾರಿ ನೌಕರಿ ಹೋದರೆ ಮತ್ತೊಂದು ಸಿಗುವುದು ಕನಸಿನ ಮಾತು. ಇದು ನಮ್ಮ ಮೂವರಿಗೂ ಗೊತ್ತಿತ್ತು.

ಮೂರು ದಿನ ಆ ಜೀಪಿನ ಹೊಟ್ಟೆಯಲ್ಲೇ ಕಳೆದೆ. ರೇಡಿಯೇಟರ್ ಇಳಿಸಿ ಸೋಡಾ ಪುಡಿ ಕಲಸಿದ ನೀರಿನಿಂದ ತೊಳೆದೆ. ಥರ್ಮೋಸ್ಟ್ಯಾಟ್ ಬಿಚ್ಚಿ, ಮನೆಯ ಪಾತ್ರೆಯಲ್ಲಿ ನೀರಿಗೆ ಹಾಕಿ ಒಲೆಯ ಮೇಲೆ ಕಾಯಿಸಿದೆ. ಅದು ಸರಿಯಾದ ಹೊತ್ತಿಗೇ ಬಾಯಿ ತೆರೆಯಿತು, ಪಾತ್ರೆ ಹೊಲಸಾಯಿತೆಂದು ಹೆಂಡತಿಯಿಂದ ಬೈಸಿಕೊಂಡೆ. ನೀರಿನ ಪಂಪು ಸೋರುತ್ತಿರಲಿಲ್ಲ. ಎಂಜಿನ್ ಓಡುವಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳಲಿಲ್ಲ, ಅಂದರೆ ಹೆಡ್ಡಿನ ಗ್ಯಾಸ್ಕೆಟ್ಟೂ ಗಟ್ಟಿಯಾಗಿತ್ತು. ಫ್ಯಾನನ್ನೂ ನೀರಿನ ಪಂಪನ್ನೂ ತಿರುಗಿಸುವ ಫ್ಯಾನ್ ಬೆಲ್ಟನ್ನು ಕೈಯಾರೆ ಬಿಗಿದೆ. ಅಷ್ಟೂರಿನ ಗುಂಬಜುಗಳ ತನಕ ಓಡಿಸಿದೆ, ಏನೂ ಆಗಲಿಲ್ಲ. ಭಾಲ್ಕಿಗೆ ಹೋಗಿ ಬಂದೆ. ತಿರುಗಿ ಬರುವಾಗ ಬೀದರದ ಏರಿನಲ್ಲಿ ಎಂಥ ಗಾಡಿಯೂ ಏದುಸಿರು ಬಿಡುತ್ತದೆ. ಇದರ ಬಿಸಿ ತೋರಿಸುವ ಮುಳ್ಳು ಜಾಗ ಬಿಟ್ಟು ಅಲುಗಲಿಲ್ಲ.

ಏರಿನಲ್ಲಿ ಕಾಯದ ಎಂಜಿನ್ನು ಔರಾದದ ಸಪಾಟು ದಾರಿಯಲ್ಲಿ, ಅದೂ ಒಂದೇ ಜಾಗದಲ್ಲಿ, ಹೇಗೆ ಕಾಯುತ್ತದೆ? ಯೋಚಿಸುತ್ತ ಕೂತಾಗ ನನಗೆ ಅಂಜಿಕೆ ಬಂತು. ಅಂಜಿಕೆ ಬಂತಲ್ಲ ಎಂದು ಸಿಟ್ಟೂ ಬಂತು, ಆ ಸಿಟ್ಟನ್ನು ಡ್ರೈವರನ ಮೇಲೆ ತೀರಿಸಿಕೊಂಡೆ.

“ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ದಾರೀದು ಏನು ತಪ್ಪದ? ನಾಳಿ ನಾನೂ ಬರ್ತೀನಿ ಔರಾದಕ್ಕ.”

ಅವನು “ಬರ್ರಿ ಉಸ್ತಾದ್,” ಎಂದ.

ನನಗೊಂದು ಅಭ್ಯಾಸವಿತ್ತು. ಸಂಶಯ ಬಂದ ಬೋಲ್ಟಿನ ಮೇಲೆ, ನಟ್ಟಿಗೂ ಅದು ಕೂತ ಕಬ್ಬಿಣಕ್ಕೂ ಸೇರುವ ಹಾಗೆ, ಎಲೆಅಡಿಕೆ ಚೀಲದ ಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಹೇಳುತ್ತದೆ. ಮರುದಿನ ಹೊರಡುವ ಮುಂಚೆ ಡ್ರೈವರನಿಗೆ ಕಾಣದ ಹಾಗೆ ಫ್ಯಾನ್ ಬೆಲ್ಟಿನ ಬೋಲ್ಟಿಗೂ ಇನ್ನೆರಡು ಕಡೆಗೂ ಗೆರೆ ಎಳೆದೆ. ಸಾಹೇಬರು ಬರಲಿಲ್ಲ. ಕಾಗದಪತ್ರ ಮುಟ್ಟಿಸಲು ನಾವಿಬ್ಬರೇ ಹೊರಟೆವು. ಜನವಾಡದಲ್ಲಿ ನಾನು ಚಹಾ ಕುಡಿಯುವಾಗ ಅವನು ಬಾನೆಟ್ ಎತ್ತಿ “ಆಯಿಲ್ ನೋಡ್ತೀನ್ರಿ” ಎಂದ. ನೋಡಲಿ ಎಂದು ಸುಮ್ಮನಿದ್ದೆ.

ಮಾಂಜ್ರಾ ಹೊಳೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ಏರತೊಡಗಿತು. ಹಗಲು ಹನ್ನೆರಡರ ಬಿಸಿಲು. ರಸ್ತೆಯ ಬಲಕ್ಕೆ ಒಂದು ಹಾಳೂರು, ಮಾಳಿಗೆ ಬಿದ್ದ ಗೋಡೆಗಳು. ಬಾಗಿಲು, ಚೌಕಟ್ಟು, ತೊಲೆ ಎಲ್ಲವನ್ನೂ ಯಾರೋ ಕಿತ್ತೊಯ್ದಿದ್ದರು. ಒಂದು ಮನೆಯಲ್ಲಿ ಬೀಸುಕಲ್ಲು ಮಾತ್ರ ಗೂಟ ಸಮೇತ ಉಳಿದಿತ್ತು, ಈಗಷ್ಟೇ ಯಾರೋ ಎದ್ದು ಹೋದಂತೆ. ರಸ್ತೆಯಲ್ಲಿ ಕುರಿಗಳ ಹಿಂಡು ನಿಂತಿತ್ತು. ನೀರಿನ ವಾಸನೆಗೆ ಅವು ಊರಿನ ಕಡೆ ಮುಖ ತಿರುಗಿಸಿ ಒದರುತ್ತಿದ್ದವು. ಕುರಿಗಾರ ಆ ಕಡೆ ನೋಡದೆಯೇ ಅವುಗಳ ಮೂತಿಗೆ ಕೋಲಿನಿಂದ ಬಡಿದು ಎಡಕ್ಕೆ ಹೊಡೆದುಕೊಂಡು ಹೋದ.

ಜೀಪು ಅಲ್ಲೇ ಉಗಿ ಬಿಟ್ಟು ನಿಂತಿತು. ಡ್ರೈವರ್ ಹಿಂದಿನ ಸೀಟಿನ ಕೆಳಗಿಂದ ಹಗ್ಗ, ನೀರು ಸೇದುವ ಡೋಲು ತೆಗೆದುಕೊಂಡು ಗೋಡೆಗಳ ಹಿಂದೆ ಮರೆಯಾದ. ನಾನು ಬಾನೆಟ್ ಎತ್ತಿದೆ. ಬೆಲ್ಟು ಜೋತು ಬಿದ್ದಿತ್ತು, ಬೋಲ್ಟಿನ ಮೇಲಿನ ಸುಣ್ಣದ ಗೆರೆ ಮುರಿದಿತ್ತು. ಜನವಾಡದಲ್ಲಿ ಅವನು ನೋಡಿದ್ದು ಆಯಿಲ್ ಅಲ್ಲ. ನನಗೆ ನೆತ್ತಿಗೇರಿತು, ಬೋಲ್ಟು ತಿರುಗಿಸುವ ಪಾನಾ ಹಿಡಿದುಕೊಂಡೇ ಅವನ ಹಿಂದೆ ಹೋದೆ.

ಗೋಡೆಗಳ ಹಿಂದೆ ಬೇವಿನ ಮರ, ಅದರ ಬುಡದಲ್ಲಿ ಬಾವಿ. ಅವನು ನೀರು ಸೇದಿ ರೇಡಿಯೇಟರಿಗೆ ತರುತ್ತಿರಲಿಲ್ಲ. ಸೇದಿ ಮರದ ಬುಡಕ್ಕೆ ಚೆಲ್ಲಿ, ಮತ್ತೆ ಡೋಲು ಇಳಿಬಿಡುತ್ತಿದ್ದ. “ದೋಸೌ ಸಾಠ್,” ಎಂದು ಎಣಿಸಿದ. ಇನ್ನೂರ ಅರವತ್ತು. ಬಾವಿಯೊಳಗಿಂದ “ಸಾಠ್” ಎಂದು ಒಂದು ದನಿ ಬಂತು. ಬಾವಿ ಎಂದ ಮೇಲೆ ದನಿ ತಿರುಗಿ ಬರುವುದೇ. ಆದರೆ ಗಂಡಸಿನ ದನಿ ಕೆಳಗೆ ಹೋಗಿ ಅಷ್ಟು ತೆಳ್ಳಗಾಗಿ ಬಂದದ್ದನ್ನು ನಾನು ಮುಂಚೆ ಕೇಳಿರಲಿಲ್ಲ.

“ಬೋಲ್ಟ್ ನೀನೇ ಸಡಲ ಮಾಡೀದಿ. ಕಾದು ಕಾದು ಎಂಜಿನ್ ಹೆಡ್ಡು ಸೊಟ್ಟ ಆದ್ರ ಯಾರು ಜವಾಬ್ದಾರ?” ಎಂದೆ.

“ನಾನೇ ಮಾಡೀನ್ರಿ, ಉಸ್ತಾದ್. ಎಂಜಿನ್ ತಣ್ಣಗಾಗ್ಲಾಕ ಅರ್ಧಾ ತಾಸು ಬೇಕಲ್ರಿ. ಆ ಅರ್ಧಾ ತಾಸು ನಂದು.”

ಹಗ್ಗ ಬಿಡದೆಯೇ ಹೇಳಿದ. ಅದು ಅವನ ಆಪಾನ, ಅಂದರೆ ಅಕ್ಕನ, ಊರು. “ಆ ವರ್ಷ ಗದ್ದಲದಾಗ ಆಪಾ, ಆಕಿ ಎರಡು ಹೆಣ್ಮಕ್ಳು ಇದರಾಗ ಬಿದ್ರು. ಮಂದಿ ಬಂದು ಮೈ ತೆಗದ್ರು, ದಫನ್ ಮಾಡಿದ್ರು. ನೀರು ಮಾತ್ರ ಯಾರೂ ತೆಗೀಲಿಲ್ಲ. ಝರಿ ಬಾವಿ, ಖಾಲಿ ಆಗಲ್ರಿ. ಇಂಥಾದಕ್ಕ ಮೂರುನೂರು ಡೋಲು ತೆಗದ್ರ ಪಾಕ್, ಅಂದ್ರ ಶುದ್ಧ, ಆಗ್ತದ ಅಂತ ನಮ್ಮ ಮೌಲ್ವಿ ಹೇಳ್ಯಾರ. ಒಂದೇ ದಿನ ಆಗಬೇಕಂತಿಲ್ಲ.”

“ಸೂಟಿ ದಿನ ಬಂದು ತೆಗೀಬೇಕಿಲ್ಲ?”

“ನಾ ಒಬ್ಬನೇ ಬಂದು ಈ ಕಟ್ಟಿ ಮ್ಯಾಲ ನಿಂತ್ರ ಮಂದಿ ಕೂಡ್ತಾರ್ರಿ. ಸರ್ಕಾರಿ ಗಾಡಿ ಕೆಟ್ಟು ನಿಂತ್ರ ಯಾರೂ ಕೇಳಲ್ಲ.” ಡೋಲು ಮೇಲೆ ಬಂತು, ಚೆಲ್ಲಿದ. “ಈ ದಾರಿಲೆ ಹೋಗೋರಿಗೆಲ್ಲಾ ಆಪಾ ನೀರು ಕೊಡ್ತಿದ್ಲು. ಈಗ ಕುರಿಗೂ ಕುಡಸಲ್ರಿ. ಆ ಕೆಟ್ಟ ಹೆಸರು ಆಕಿಗಿ ಹತ್ತ್ಯದ. ಮೂರುನೂರು ಆದಮ್ಯಾಲ ಬ್ಯಾರೆಯವರು ಒಬ್ಬರು ಕುಡದ್ರ ಸಾಕು. ಆಮ್ಯಾಲ ನಾ ಇಲ್ಲಿ ಗಾಡಿ ನಿಂದ್ರಸಲ್ಲ.”

ಬೈಯಲು ಬಂದಿದ್ದ ನಾನು ಪಾನಾ ಕೆಳಗಿಟ್ಟೆ. “ಸರಿ, ಆ ಕಡೆ ನಿಲ್ಲು. ಹಿಂಗ ಜಗ್ಗಿದ್ರ ಸಂಜಿ ಆಗ್ತದ,” ಎಂದು ಹಗ್ಗ ಕಸಿದುಕೊಂಡೆ.

ನಾನು ಸೇದಿದೆ, ಅವನು ಚೆಲ್ಲಿದ. ಅವನು ಎಣಿಸಿದ, ಬಾವಿ ಎಣಿಸಿತು. ಒಂದೊಂದು ಸಲ ಕೆಳಗಿನ ಎಣಿಕೆ ತುಸು ಮೊದಲೇ ಬಂತೆನ್ನಿಸಿ ಕೈ ನಿಲ್ಲುತ್ತಿತ್ತು. ನೀರು ತಿಳಿಯಾಗಿತ್ತು, ಒಂದು ಕಪ್ಪೆಯೂ ಇರಲಿಲ್ಲ. ಕೊನೆಯ ಡೋಲು ಚೆಲ್ಲಿ ಅವನು ಗಟ್ಟಿಯಾಗಿ “ತೀನ್ ಸೌ” ಎಂದ. ಬಾವಿ ಏನೂ ಹೇಳಲಿಲ್ಲ. ಇಬ್ಬರೂ ಬಗ್ಗಿ ನೋಡುತ್ತ ನಿಂತೆವು. ಅದಕ್ಕೂ ಏನಾದರೂ ಕಾರಣ ಇದ್ದೀತು. ನಾನು ಹುಡುಕಲಿಲ್ಲ.

ಅವನು ಇನ್ನೊಂದು ಡೋಲು ಸೇದಿ, ತಗಡಿನ ಲೋಟದಲ್ಲಿ ತುಂಬಿ, ಬಿಸ್ಮಿಲ್ಲಾ ಹೇಳಿ ಕುಡಿದ. ಲೋಟವನ್ನು ತೊಳೆದು, ಮತ್ತೆ ತುಂಬಿ ನನ್ನ ಮುಂದೆ ಹಿಡಿದ.

“ಕುಡೀರಿ, ಉಸ್ತಾದ್.”

ನಮ್ಮ ಮನೆಯಲ್ಲಿ ಸಾವಾದ ಬಾವಿಯ ನೀರು ಮುಟ್ಟುವುದಿಲ್ಲ. ಅವರ ಕೈಯ ನೀರನ್ನೂ ಕುಡಿಯುವುದಿಲ್ಲ. ಆ ತೆಳ್ಳಗಿನ ದನಿ ಕಿವಿಯಲ್ಲೇ ಇತ್ತು. ಹೆದರಿದೆನೋ ಹೇಸಿದೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ. ನಡು ಮಧ್ಯಾಹ್ನದಲ್ಲಿ ನಲವತ್ತು ಡೋಲು ಜಗ್ಗಿದ್ದೆ, ಅಂಗಿ ಹಿಂಡಿದರೆ ಬೆವರು ಸುರಿಯುತ್ತಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು.

“ನಂಗ ನೀರಡಿಕಿ ಇಲ್ಲ,” ಎಂದೆ.

ಅವನು ಒತ್ತಾಯ ಮಾಡಲಿಲ್ಲ. ಲೋಟ ಹಾಗೆಯೇ ಹಿಡಿದು ಜೀಪಿನ ತನಕ ಬಂದು, ಆ ನೀರನ್ನು ರೇಡಿಯೇಟರಿಗೆ ಸುರಿದ. ನಾನು ಬೆಲ್ಟ್ ಬಿಗಿಯುವಾಗ ಪಕ್ಕದಲ್ಲಿ ನಿಂತು, ತನಗೆ ತಾನೇ ಹೇಳಿಕೊಂಡವನಂತೆ, “ಹಂಗಾದ್ರ ಇನ್ನಾ ಪಾಕ್ ಆಗಿಲ್ಲ,” ಎಂದ.

ಸಾಹೇಬರಿಗೆ ನಾನು ಹೇಳಿದ್ದು ಇಷ್ಟೇ: ಬೆಲ್ಟ್ ಹಳೆಯದಿತ್ತು, ಬದಲಿಸಿದ್ದೇನೆ, ಇನ್ನು ಕಾಯುವುದಿಲ್ಲ, ನನ್ನ ಜವಾಬ್ದಾರಿ. ಅವರು ಒಪ್ಪಿದರು. ಡ್ರೈವರನ ನೌಕರಿ ಉಳಿಯಿತು ಎಂದುಕೊಂಡೆ.

ಹತ್ತು ದಿನಕ್ಕೆ ಜೀಪು ಮತ್ತೆ ಶೆಡ್ಡಿಗೆ ಬಂತು, ಸಾಹೇಬರು ಮತ್ತು ಹೊಸ ಡ್ರೈವರನ ಜೊತೆ. ಹಳಬ ತನ್ನ ಸಾಮಾನು ಒಯ್ಯಲು ಬಂದಿದ್ದ. ಹಿಂದಿನ ಸೀಟಿನ ಕೆಳಗಿಂದ ಹಗ್ಗ, ಡೋಲು, ತಗಡಿನ ಲೋಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನನ್ನತ್ತ ನೋಡಿ ಸಲಾಮು ಮಾಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಔರಾದ ದಾರ್ಯಾಗ ಮತ್ತ ಅದೇ ಜಾಗಾದಾಗ ನಿಂತ್ತು, ಇವನ್ನ ತೆಗದೆ,” ಎಂದರು ಸಾಹೇಬರು. “ಕಾಯಲ್ಲ ಅಂದಿದ್ದಿ. ಯಾಕ ಕಾಯ್ತು?”

ಅವನು ಹಗ್ಗ ಹಿಡಿದು ಅಲ್ಲೇ ನಿಂತಿದ್ದ, ನಾನು ಏನು ಹೇಳುತ್ತೇನೆಂದು ಕೇಳಲು.

“ಗೊತ್ತಿಲ್ರಿ ಸಾಹೇಬ್ರ,” ಎಂದೆ.