ಸಾಕ್ಷಿ ಹೇಳಿದ ಮೇಲೆ ಗುಳಿಗೆ

ನಾನು ನಿಂತಿದ್ದು ಸಾಯಗಾಂವದ ನಮ್ಮ ಪ್ರಾರ್ಥನಾ ಮಂದಿರದ ಒಳಗೆ, ಗಂಡಸರ ಬದಿಯ ಎರಡನೆಯ ಕಿಟಕಿಗೆ ಬೆನ್ನು ಕೊಟ್ಟು. ಎರಡು ವರ್ಷದ ಹಿಂದೆ, ಮೃಗಶಿರಾ ಮಳೆ ಇನ್ನೂ ಬೀಳದ ಒಂದು ರವಿವಾರ, ಬೆಳಿಗ್ಗೆ ಹತ್ತೂಮುಕ್ಕಾಲಿಗೆ. ಹನ್ನೊಂದಕ್ಕೆ ನನ್ನ ಪಾಠ ಇದ್ದುದರಿಂದ ಗಡಿಯಾರ ನೋಡಿದ್ದೆ. ಎಲ್ಲರೂ ಎದ್ದು ನಿಂತು ಎರಡನೆಯ ಕೀರ್ತನೆ ಹಾಡುತ್ತಿದ್ದೆವು. ನನ್ನಿಂದ ಹನ್ನೆರಡು ಅಡಿ ದೂರದಲ್ಲಿ, ಹೆಂಗಸರ ಬದಿಯ ಜಮಖಾನೆಯ ಅಂಚಿಗೆ ನಿಂತಿದ್ದ ಒಬ್ಬ ಸೊಸೆಯ ತಲೆ, ಯಾರೋ ಕರೆದ ಹಾಗೆ, ಎಡಕ್ಕೆ ತಿರುಗಿತು. ಆಮೇಲೆ ಅವಳು ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಯಾರೋ ಅವಳ ಮುಷ್ಟಿಯೊಳಗೆ ಬೀಗದ ಕೈಗಳ ಗೊಂಚಲು ತುರುಕಿದರು. ಅವಳ ಅತ್ತೆ ಅದನ್ನು ಕಿತ್ತು ಎಸೆದು, ಸೊಸೆಯನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ಅಂಗೈ ಇಟ್ಟಳು. ಎರಡು ನಿಮಿಷ ನಡೆಯಿತು. ಮೂರು ಎನ್ನುವವರೂ ಇದ್ದಾರೆ. ನಾನು ಎರಡು ಎಂದೇ ಹೇಳುತ್ತೇನೆ.

ಅದಕ್ಕೂ ಎರಡು ತಿಂಗಳ ಮೊದಲು, ಅದೇ ಜಾಗದಲ್ಲಿ ನಿಂತು ಅವಳು, ತನಗೆ ಫಿಟ್ಸ್ ಬರುವುದು ನಿಂತಿದೆ ಎಂದು ಸಾಕ್ಷಿ ಹೇಳಿದ್ದಳು. ಹೇಳಿಸಿದವನು ನಾನು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಮನೆ ಬೀದರಿನ ನೌಬಾದದಲ್ಲಿ. ತಿಂಗಳ ಮೊದಲ ರವಿವಾರ ಭಾಲ್ಕಿಗೆ ಬಸ್ಸು ಹಿಡಿದು, ಅಲ್ಲಿಂದ ಸಾಯಗಾಂವಕ್ಕೆ ಹೋಗಿ ಸಭೆಯ ಹುಡುಗ ಹುಡುಗಿಯರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದೆ. ಸೃಷ್ಟಿಯ ಆರು ದಿನ ಅಂದರೆ ಇಪ್ಪತ್ನಾಲ್ಕು ಗಂಟೆಯ ದಿನವೇ, ಪ್ರನಾಳ ಶಿಶು ಪಾಪವೇ, ಕಣ್ಣು ದಾನ ಮಾಡಿದವರು ಪುನರುತ್ಥಾನದ ದಿನ ಕುರುಡರಾಗಿ ಏಳುತ್ತಾರೆಯೇ. ತಮಾಷೆಯೂ ಇರುತ್ತಿತ್ತು. ಒಬ್ಬ ಎದ್ದು ನಿಂತು, "ಸರ್, ಮಂಗ್ಯಾ ಹೋಗಿ ಮನುಷ್ಯಾ ಆದದ್ದು ಖರೆ ಇದ್ದರ, ನಮ್ಮ ಕಾಕಾ ಯಾಕ ಅರ್ಧಕ್ಕೇ ನಿಂತಾನ್ರಿ?" ಅಂದಿದ್ದ. ಕಾಕಾ ಹಿಂದಿನ ಸಾಲಿನಲ್ಲೇ ಕೂತಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ನಮ್ಮಲ್ಲಿ ಸಭಾಪಾಲಕರ ಉಪದೇಶಕ್ಕೆ ಮೊದಲು ಸಾಕ್ಷಿಯ ಸಮಯ ಇರುತ್ತದೆ. ಪ್ರಾರ್ಥನೆಗೆ ಉತ್ತರ ಸಿಕ್ಕವರು ಎದ್ದು ಹೇಳುತ್ತಾರೆ, ಕೂತವರು ಸ್ತೋತ್ರ ಅನ್ನುತ್ತಾರೆ. ಹಾಗೆ ಹೇಳಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಸೊಸೆಗೆ ಸಣ್ಣವಳಿದ್ದಾಗಿನಿಂದ ಫಿಟ್ಸ್. ಕ್ರಿಸ್ಮಸ್ಸಿಗೆ ಸ್ವಲ್ಪ ಮೊದಲು ಸಭಾಪಾಲಕರು ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದ್ದರು. ಮೂರು ತಿಂಗಳು ಒಂದೂ ಬರಲಿಲ್ಲ. ವಿಜ್ಞಾನ ಪುರಾವೆ ಕೇಳುತ್ತದೆ, ನಾವೂ ಕೊಡೋಣ, ಎದ್ದು ಹೇಳು ಎಂದು ನಾನು ಒತ್ತಾಯ ಮಾಡಿದೆ. ಅವಳು ಹೇಳಿದ್ದು ಇಷ್ಟೇ: ಪ್ರಾರ್ಥನೆ ಆದಂದಿನಿಂದ ನನಗೆ ಬಂದಿಲ್ಲ. ನಾನು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಔರಾದದಲ್ಲಿ, ಎಕಂಬಾದಲ್ಲಿ, ಸಾಯಗಾಂವದಲ್ಲೂ ಪಾಠ ಮಾಡುವಾಗ "ಯಾವ ಔಷಧವೂ ಇಲ್ಲದೆ" ಎಂಬ ಮೂರು ಶಬ್ದ ಸೇರಿಸಿದೆ. ಅವು ಅವಳವಲ್ಲ.

ಬಿದ್ದ ಮರುದಿನ ಅವರ ಮನೆಗೆ ಹೋದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಒಂದು ಕೈ ಅಳತೆಯ ದೂರದಲ್ಲಿ ಕೂತು ಸೊಸೆಯನ್ನೇ ನೋಡುತ್ತಿದ್ದಳು. ಕೇಳಬೇಕಾದ ಮೊದಲ ಪ್ರಶ್ನೆಯನ್ನು ನಾನು ಆವತ್ತು ಕೇಳಿದೆ: ಎಣ್ಣೆ ಹಚ್ಚಿದ ಕಾಲಕ್ಕೆ ಗುಳಿಗೆ ತಗೊಳ್ಳುತ್ತಿದ್ದೆಯಾ? ಹೌದಂತೆ, ಮುಂಜಾನೆ ಒಂದು, ಸಂಜೆ ಒಂದು. ಬೀದರಿನ ಡಾಕ್ಟರು ಅದಕ್ಕೂ ಒಂದು ತಿಂಗಳ ಮೊದಲೇ ಗುಳಿಗೆ ಬದಲಿಸಿದ್ದರಂತೆ. ಬಿಟ್ಟದ್ದು ಯಾವಾಗ? ಸಾಕ್ಷಿ ಹೇಳಿದ ದಿನ ಸಂಜೆ.

"ಸಭಾದಾಗ ನಿಂತು ಪ್ರಾರ್ಥನಾ ಆದಾಗಿಂದ ಬಂದಿಲ್ಲ ಅಂತ ಹೇಳಿ, ಮನಿಗಿ ಬಂದು ಗುಳಿಗಿ ನುಂಗಿದರ ಸುಳ್ಳು ಸಾಕ್ಷಿ ಆಗಲ್ಲೇನ್ರಿ, ಸರ್?" ಅಂದಳು. "ನೀವೇ ಕಲಿಸೀರಿ."

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಶಾಸ್ತ್ರದಲ್ಲಿ ಹುಣ್ಣಿನಿಂದ ಸಾಯಲಿದ್ದ ರಾಜನೊಬ್ಬನಿದ್ದಾನೆ. ದೇವರು ಅವನ ಮೊರೆ ಕೇಳಿದ. ಆದರೂ ಪ್ರವಾದಿ ಹುಣ್ಣಿಗೆ ಅಂಜೂರದ ಲೇಪ ಹಾಕಿಸಿದ. ಪ್ರಾರ್ಥನೆ ಬೇರೆ, ಮದ್ದು ಬೇರೆ ಅಲ್ಲ, ಎರಡೂ ಒಬ್ಬನ ಕೈಯಿಂದಲೇ ಬರುತ್ತವೆ. ಅವಳು ಕೊನೆಯವರೆಗೆ ಕೇಳಿ, ತವೆಯ ಮೇಲಿನ ರೊಟ್ಟಿ ತಿರುವಿದಳು.

"ಆ ರಾಜಾ ಮದಲೇ ಎದ್ದು ಸಾಕ್ಷಿ ಹೇಳಿದ್ದಿಲ್ಲಲ್ರಿ."

ಆಗ ಅತ್ತೆ ನನ್ನ ಕಡೆ ತಿರುಗಿದಳು. "ಮಾಸ್ತರ, ನಿಮಗ ಒಂದು ಪುರಾವಾ ಬೇಕಾಗಿತ್ತು, ಸಿಕ್ತು. ನನಗ ಸೊಸಿ ಬೇಕಾಗ್ಯಾಳ್ರಿ. ನಾಳಿಗಿ ಇಕಿ ಒಲಿ ಮ್ಯಾಲ ಬಿದ್ದರ ನಿಮ್ಮ ನೋಟುಬುಕ್ಕದಾಗ ಏನ್ ಬರೀತೀರಿ?"

ಬೀದರಿಗೆ ಬಂದು ಡಾಕ್ಟರನ್ನು ಕಂಡೆ. ಹಳೇ ಊರಿನ ಮುಸಲ್ಮಾನರ ಮನೆತನದವರು. ಅವರು ನಗಲಿಲ್ಲ, ಬೈಯಲೂ ಇಲ್ಲ. ತಮ್ಮ ತಾಯಿ ಈಗಲೂ ನೀರಿನ ಮೇಲೆ ದುವಾ ಓದಿ ಕುಡಿಸುತ್ತಾರೆ, ಕುಡಿಸಿ ಗುಳಿಗೆ ನುಂಗಿದೆಯಾ ಎಂದೂ ಕೇಳುತ್ತಾರೆ ಅಂದರು. ಗುಳಿಗೆ ಹೇಗೆ ಮತ್ತೆ ಶುರು ಮಾಡಬೇಕೆಂದು ಬರೆದುಕೊಟ್ಟು, ಒಲೆಯ ಹತ್ತಿರ ಒಬ್ಬಳನ್ನೇ ಬಿಡಬೇಡಿ, ಬೇಗ ಕರೆತನ್ನಿ ಅಂದರು. ಗುಳಿಗೆ ಕೊಂಡುಹೋಗಿ ಅತ್ತೆಯ ಕೈಗೆ ಕೊಟ್ಟೆ. ಸೊಸೆ ಮುಟ್ಟಲಿಲ್ಲ.

ನಾನೇ ಎದ್ದು ನಿಲ್ಲದೆ ಬೇರೆ ದಾರಿ ಇರಲಿಲ್ಲ. ಮುಂದಿನ ರವಿವಾರ ಸಾಕ್ಷಿಯ ಸಮಯದಲ್ಲಿ ಐದು ನಿಮಿಷ ಬೇಕೆಂದು ಸಭಾಪಾಲಕರನ್ನು ಕೇಳಿದೆ. ಅವರು ಹೆದರಿದರು. ಊರು ಆಡಿಕೊಳ್ಳುತ್ತದೆ, ಈಗಷ್ಟೇ ನಂಬಿಕೆಗೆ ಬಂದ ಮಕ್ಕಳು ಅಲುಗುತ್ತಾರೆ ಅಂದರು. ಅವರ ಹೆದರಿಕೆ ಸುಳ್ಳಲ್ಲ, ನನಗೂ ಅದೇ ಇತ್ತು. ಕೊನೆಗೆ, ನನ್ನ ಎಣ್ಣೆಯದೂ ಇದರಲ್ಲಿ ಪಾಲಿದೆ, ಹೇಳ್ರಿ ಅಂದರು.

ನಾನು ಎದ್ದು ಹೇಳಿದೆ: "ಈ ತಂಗಿ ಹೇಳಿದ ಸಾಕ್ಷಿ ಖರೆ ಅದ. ಆ ಮೂರು ತಿಂಗಳು ಆಕಿಗಿ ಬಂದಿದ್ದಿಲ್ಲ. ಔಷಧ ಇಲ್ಲದೇ ಅಂತ ಹೇಳಿದಾವ ನಾನು. ಆಕಿ ಆಗ ಗುಳಿಗಿ ತಗೋತಿದ್ದಳು. ನಾನು ಕೇಳಲಿಲ್ಲ, ಕೇಳದೇ ಮೂರು ಊರಾಗ ಹೇಳಿದೆ. ಸುಳ್ಳು ಸಾಕ್ಷಿ ನಂದು."

ಯಾರೂ ಸ್ತೋತ್ರ ಅನ್ನಲಿಲ್ಲ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎದ್ದಳು. ಅತ್ತೆಯ ಮುಂದೆ ಕೈ ಚಾಚಿದಳು. ಅತ್ತೆ ಚೀಲದಿಂದ ಗುಳಿಗೆ ತೆಗೆದು ಕೊಟ್ಟಳು. ಬಾಗಿಲ ಬಳಿ ಕೂತಿದ್ದ ಸಭಾಪಾಲಕರ ಹೆಂಡತಿ ಲೋಟದಲ್ಲಿ ನೀರು ತಂದರು.

"ಹಂಗಾದರ ನಂದು ಸುಳ್ಳಾಗಿಲ್ಲ," ಅಂದು ಅವಳು ಎಲ್ಲರ ಮುಂದೆ ಗುಳಿಗೆ ನುಂಗಿದಳು.

ಆಮೇಲೆ ಅವಳಿಗೆ ಒಮ್ಮೆ ಫಿಟ್ಸ್ ಬಂದಿದೆ, ಎರಡು ದಿನ ಗುಳಿಗೆ ತಪ್ಪಿದಾಗ. ಅದನ್ನೂ ಹೇಳಬೇಕು. ಆ ವರ್ಷವೇ ಔರಾದಕ್ಕೂ ಎಕಂಬಾಕ್ಕೂ ಹೋಗಿ ನನ್ನ ಮಾತು ತಿದ್ದಿ ಬಂದೆ. ಎಕಂಬಾದಲ್ಲಿ ಇಬ್ಬರು ಎದ್ದು ಹೋದರು.

ಆ ಎರಡು ರವಿವಾರ ಕಂಡವರಲ್ಲಿ ಅತ್ತೆ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಸಭಾಪಾಲಕರೂ ನೀರು ತಂದ ಅವರ ಹೆಂಡತಿಯೂ ಈಗ ಔರಾದ ಕಡೆಯ ಸಭೆಯಲ್ಲಿದ್ದಾರೆ. ಮಂಗ್ಯಾನ ಪ್ರಶ್ನೆ ಕೇಳಿದವನೂ ಅವನ ಕಾಕಾನೂ ಸಾಯಗಾಂವದಲ್ಲೇ ಇದ್ದಾರೆ. ಆ ಸೊಸೆಯೂ ಇದ್ದಾಳೆ, ಬೇಕಾದರೆ ಹೋಗಿ ಕೇಳಿ. ನಾನು ಬರೆದದ್ದರಲ್ಲಿ ಒಂದು ಶಬ್ದ ಹೆಚ್ಚಾಗಿದ್ದರೂ ಅವಳು ಹೇಳುತ್ತಾಳೆ.