ಮೂರನೇ ಸಲದ ಹಸಿರು ಬಳೆ

ಉಚ್ಚಂಗೆಮ್ಮನಿಗೆ ಕೇಳುವ ಚಟ. ಬಸ್ಸಿನಲ್ಲಿ ಪಕ್ಕದವರ ಬುಟ್ಟಿಯೊಳಗೆ ಏನಿದೆ, ಯಾರ ಮನೆಗೆ ಹೊರಟಿದ್ದಾರೆ, ಯಾಕೆ ಎಂದು ತಿಳಿಯದೆ ಆಕೆಗೆ ಕೂತಲ್ಲಿ ಕೂರಲಾಗದು. ಚಿತ್ರದುರ್ಗದ ಆಸ್ಪತ್ರೆಯವರು ಈ ಬಾಯಿಗೆ ತಕ್ಕ ಕೆಲಸವನ್ನೇ ಕೊಟ್ಟಿದ್ದರು: ಗುಪ್ತರೋಗಕ್ಕೆ ಸೂಜಿ ಹಾಕಿಸಿಕೊಂಡವರಿಂದ ಇನ್ನು ಯಾರಿಗೆ ಸೋಂಕು ದಾಟಿರಬಹುದೆಂದು ಪತ್ತೆ ಹಚ್ಚಿ, ಅವರಿಗೂ ಮದ್ದು ಮುಟ್ಟಿಸುವುದು. ನಿಯಮ ಒಂದೇ. ಯಾರಿಂದ ತಿಳಿಯಿತೆಂದು ಸತ್ತರೂ ಬಾಯಿ ಬಿಡಬಾರದು.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ರಾಮಗಿರಿಯ ಲಾರಿ ಡ್ರೈವರ್ ಕರಿಸಿದ್ದಪ್ಪ ಬಂದ. ರಕ್ತದಲ್ಲಿ ಸಿಫಿಲಿಸ್ ಇತ್ತು.

"ಮದುವೆ ಆಗೈತೇನಪ್ಪ?"

"ಇಲ್ರೀ. ಹೆಂಡ್ತಿ ಗಿಂಡ್ತಿ ಯಾರೂ ಇಲ್ಲ."

ಮುಖ ನೋಡಿದರೇ ಗೊತ್ತು, ಹಸಿ ಸುಳ್ಳು. ಆದರೆ ಹಿಡಿದು ಬಡಿಯಲಾದೀತೇ!

ಅಂದು ಸಂಜೆ ಬಸ್ ನಿಲ್ದಾಣದ ಪಕ್ಕ, ಕೆಂಚಕ್ಕನ ಬಳೆ ಅಂಗಡಿಯಲ್ಲಿ ಉಚ್ಚಂಗೆಮ್ಮ ಪಿನ್ನು ಆರಿಸುತ್ತಿದ್ದಳು. ಬೆನ್ನ ಹಿಂದೆ ಅದೇ ದನಿ ಕೇಳಿತು. "ಒಂದು ಡಜನ್ ಹಸಿರು ಬಳೆ ಕೊಡಕ್ಕ."

"ಬಸುರಿಗೇನಪ್ಪ?" ಎಂದಳು ಕೆಂಚಕ್ಕ. "ನೀನು ಒಯ್ತಿರೋದು ಇದು ಮೂರನೇ ಸಲ. ಹಿಂದಿನ ಕೂಸುಗಳು ಹೆಂಗವೆ?"

"ಉಳೀಲಿಲ್ಲಕ್ಕ," ಎಂದ ಕರಿಸಿದ್ದಪ್ಪ. ಬಳೆ ಕಟ್ಟಿಸಿಕೊಂಡು ಸರಸರನೆ ಹೊರಟುಹೋದ.

ಉಚ್ಚಂಗೆಮ್ಮ ಲೆಕ್ಕ ಹಾಕಿದಳು. ಮೂರು ಬಸುರು, ಒಂದೂ ಕೂಸಿಲ್ಲ! ಈ ರೋಗ ಹೊಟ್ಟೆಯೊಳಗಿನ ಕೂಸನ್ನೂ ಬಿಡುವುದಿಲ್ಲವೆಂದು ಆಕೆ ಬಲ್ಲಳು. ಬೇಗ ಮದ್ದು ಬಿದ್ದರೆ ಇದೊಂದಾದರೂ ಉಳಿದೀತು.

ಮರುದಿನವೇ ರಾಮಗಿರಿಗೆ ಹೋದಳು. ನೇರ ಅವನ ಮನೆ ಹೊಕ್ಕರೆ ಊರು ಬೆರಳು ತೋರಿಸುತ್ತದೆ. ಅದಕ್ಕೇ ಊರಿನ ಬಸುರಿಯರನ್ನೆಲ್ಲ ಕರೆದು, "ಕುಂತ್ಕಳ್ರಿ, ಎಲ್ಲಾರಿಗೂ ರಕ್ತ ತಪಾಸಣೆ" ಎಂದು ಆರೂ ಮಂದಿಯ ರಕ್ತ ತೆಗೆದಳು. ವಾರದ ಮೇಲೆ ಫಲಿತಾಂಶ ಬಂತು. ಐವರಿಗೆ ಏನೂ ಇರಲಿಲ್ಲ. ಆರನೆಯವಳು ಪಾಲಮ್ಮ, ಕೈತುಂಬ ಹೊಸ ಹಸಿರು ಬಳೆ ತೊಟ್ಟವಳು.

"ರಕ್ತದಾಗೆ ಸೋಂಕೈತೆ ತಾಯಿ," ಎಂದಳು ಉಚ್ಚಂಗೆಮ್ಮ, ಅವಳೊಬ್ಬಳನ್ನೇ ಕೂರಿಸಿಕೊಂಡು. "ವಾರಕ್ಕೊಂದರಂಗೆ ಮೂರು ಸೂಜಿ ಹಾಕಿಸ್ಕ. ಕೂಸು ಉಳಿಯೋ ದಾರಿ ಇದೇ."

"ಇದು ನನಗೆ ಯಾರಿಂದ ಬಂತಮ್ಮ?"

"ಅದೊಂದು ಕೇಳಬ್ಯಾಡ."

"ಎರಡು ಕೂಸು ಹೋದ್ವು. ನನ್ನ ಹೊಟ್ಟೇನೇ ಕೆಟ್ಟದ್ದು ಅಂತಾರೆ ನಮ್ಮತ್ತೆ."

"ನಿಂದೇನೂ ತಪ್ಪಿಲ್ಲ."

ಇಷ್ಟು ವರ್ಷದಲ್ಲಿ ಆ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಪಾಲಮ್ಮ ಗೊಳೋ ಎಂದು ಅತ್ತಳು. ಮೂರು ಸೂಜಿಗೂ ಉಚ್ಚಂಗೆಮ್ಮ ಪಕ್ಕದಲ್ಲೇ ನಿಂತಿದ್ದಳು.

ಗೌರಿ ಹಬ್ಬದ ಹೊತ್ತಿಗೆ ಅದೇ ಅಂಗಡಿಗೆ ಕರಿಸಿದ್ದಪ್ಪ ಮತ್ತೆ ಬಂದ. "ಕರಿ ಬಳೆ ಕೊಡಕ್ಕ. ಕೂಸಿನ ಕೈಗೆ, ಸಣ್ಣವು," ಎಂದ.

ಅಂದೂ ಅಲ್ಲೇ ಪಿನ್ನು ಹಿಡಿದು ನಿಂತಿದ್ದ ಉಚ್ಚಂಗೆಮ್ಮನ ಕಣ್ಣು ತುಂಬಿ ಬಂತು. ಹೆಣ್ಣೋ ಗಂಡೋ, ಹಾಲು ಕುಡಿಯುತ್ತೋ ಇಲ್ಲವೋ, ಬಾಣಂತಿ ಹೇಗಿದ್ದಾಳೆ! ನೂರು ಪ್ರಶ್ನೆ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಬಿಡದೆ ನುಂಗಿಕೊಂಡಳು.

ಅವನು ಆಕೆಯನ್ನೇ ನೋಡುತ್ತಿದ್ದುದನ್ನು ಕಂಡು ಕೆಂಚಕ್ಕ, "ಇವನು ನಿಮಗೆ ಗೊತ್ತೇನ್ರೀ?" ಎಂದಳು.

"ಇಲ್ಲವಲ್ಲ," ಎಂದಳು ಉಚ್ಚಂಗೆಮ್ಮ.

ಕರಿಸಿದ್ದಪ್ಪ ಬಳೆಯನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡ. "ಈಯಮ್ಮ ನನ್ನ ಹೆಂಡ್ತಿಗೆ ಗೊತ್ತು," ಎಂದ.